ವಿದ್ಯುತ್ ಕಾರಿನ ಲಾಭನಷ್ಟ: ಒಂದು ಚಾರಿತ್ರಿಕ ವಿಚಾರ

೧. ಪ್ರಶ್ನೆಯ ಸ್ವರೂಪ

ಪೆಟ್ರೋಲಿನ ಕಾರನ್ನು ಬಿಟ್ಟು ವಿದ್ಯುಚ್ಛಕ್ತಿಯಿಂದ ನಡೆಯುವ ಕಾರನ್ನು ಕೊಳ್ಳುವುದು ಲಾಭವೋ ನಷ್ಟವೋ ಎಂಬ ಪ್ರಶ್ನೆ ಈಗ ಅನೇಕ ಮನೆಗಳಲ್ಲಿ ಚರ್ಚೆಗೆ ಬಂದಿದೆ. ಇದು ನಮ್ಮ ಕಾಲದಲ್ಲಿ ಹೊಸದಾಗಿ ಹುಟ್ಟಿದ ಪ್ರಶ್ನೆಯೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ಮೋಟಾರು ಬಂಡಿಯ ಚರಿತ್ರೆಯನ್ನು ಮೊದಲಿನಿಂದ ನೋಡಿದವರಿಗೆ ಈ ಪ್ರಶ್ನೆಯು ಆ ಬಂಡಿಯಷ್ಟೇ ಹಳೆಯದೆಂಬುದು ಗೊತ್ತಾಗುತ್ತದೆ. ಲಂಡನ್, ನ್ಯೂಯಾರ್ಕ್, ಹಾರ್ಟ್‌ಫರ್ಡ್ ಮೊದಲಾದ ಪಟ್ಟಣಗಳಲ್ಲಿ ವರ್ತಕರೂ ಬಾಡಿಗೆ ಬಂಡಿಯ ಕಂಪೆನಿಗಳೂ ನೂರು ವರ್ಷಗಳಿಗೂ ಹಿಂದೆಯೇ ಇದನ್ನು ತಮ್ಮ ತಮ್ಮ ಲೆಕ್ಕದ ಪುಸ್ತಕಗಳಲ್ಲಿ ಎದುರಿಸಿದ್ದರು.

ಈ ವಿಷಯದಲ್ಲಿ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ವಿದ್ಯುತ್ ಕಾರು ಕೀಳ್ದರದ ಯಂತ್ರವಾದುದರಿಂದ ಹಿಂದೊಮ್ಮೆ ಸೋತು ಮರೆಯಾಯಿತೆಂಬುದು ಒಂದು. ಪೆಟ್ರೋಲಿಗಿಂತ ವಿದ್ಯುತ್ತು ಅಗ್ಗವಾದುದರಿಂದ ಅದನ್ನು ಕೊಂಡವರಿಗೆಲ್ಲ ಲಾಭವು ನಿಶ್ಚಯವೆಂಬುದು ಮತ್ತೊಂದು. ಈ ಎರಡೂ ಪೂರ್ಣ ಸತ್ಯವಲ್ಲವೆಂದು ನಮ್ಮ ಅಭಿಪ್ರಾಯ. ಲಾಭನಷ್ಟಗಳನ್ನು ನಿರ್ಣಯಿಸಿದುದು ಯಂತ್ರದ ಗುಣವೂ ಅಲ್ಲ, ವಿದ್ಯುತ್ತಿನ ಅಗ್ಗವೂ ಅಲ್ಲ. ಬಂಡಿಯು ದಿನಕ್ಕೆ ಎಷ್ಟು ದೂರ ಓಡಿತು, ಬ್ಯಾಟರಿಯ ಸವಕಳಿಯನ್ನು ಯಾರು ಹೊತ್ತರು, ಸರ್ಕಾರವು ಯಾವ ಕೈಯಿಂದ ಕೊಟ್ಟು ಯಾವ ಕೈಯಿಂದ ತೆಗೆದುಕೊಂಡಿತು ಎಂಬ ಮೂರು ಸಂಗತಿಗಳೇ ಎಲ್ಲ ಕಾಲದಲ್ಲಿಯೂ ನಿರ್ಣಾಯಕವಾದುವು. ಇದನ್ನು ಮುಂದೆ ದೃಷ್ಟಾಂತಗಳಿಂದ ವಿಶದಪಡಿಸುತ್ತೇವೆ.

೨. ಮೊದಲನೆಯ ಬಾಡಿಗೆ ಬಂಡಿಗಳು

ಮತ್ತೆ ಮತ್ತೆ ವಿದ್ಯುತ್ತನ್ನು ತುಂಬಬಹುದಾದ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋನ್ ಪ್ಲಾಂತೆಯು ೧೮೫೯ರಲ್ಲಿ ನಿರ್ಮಿಸಿದನು. ಕಮೀಲ್ ಫೋರ್ ಎಂಬವನು ೧೮೮೧ರಲ್ಲಿ ಅದನ್ನು ಸುಧಾರಿಸಿದನು. ಅದೇ ವರ್ಷ ಗುಸ್ತಾವ್ ತ್ರೂವೆಯು ಮೂರು ಚಕ್ರದ ವಿದ್ಯುತ್ ಬಂಡಿಯೊಂದನ್ನು ಪ್ಯಾರಿಸಿನ ಬೀದಿಯಲ್ಲಿ ಓಡಿಸಿದನು. ೧೮೯೯ರಲ್ಲಿ ಬೆಲ್ಜಿಯಮಿನ ಕಮೀಲ್ ಜೆನಾತ್ಸಿಯು ಘಂಟೆಗೆ ನೂರು ಕಿಲೋಮೀಟರಿನ ವೇಗವನ್ನು ಮೊದಲ ಬಾರಿಗೆ ದಾಟಿದುದು ವಿದ್ಯುತ್ ಬಂಡಿಯಲ್ಲಿಯೇ. ೧೯೦೦ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ತಯಾರಾದ ೪,೧೯೨ ಮೋಟಾರು ಬಂಡಿಗಳಲ್ಲಿ ೧,೬೮೧ ಆವಿಯವು, ೧,೫೭೫ ವಿದ್ಯುತ್ತಿನವು; ಪೆಟ್ರೋಲಿನವು ೯೩೬ ಮಾತ್ರ. ಆದಕಾರಣ ವಿದ್ಯುತ್ ಬಂಡಿಯು ಹುಟ್ಟಿನಿಂದಲೇ ದುರ್ಬಲವಾಗಿತ್ತೆಂಬ ಮಾತಿಗೆ ಆಧಾರವಿಲ್ಲ.

ಆದರೆ ಓಡುವುದು ಬೇರೆ, ಲಾಭದಿಂದ ಓಡುವುದು ಬೇರೆ. ವಾಲ್ಟರ್ ಬರ್ಸೀ ಎಂಬ ಇಂಜಿನಿಯರನ ವಿದ್ಯುತ್ ಬಾಡಿಗೆ ಬಂಡಿಗಳು ೧೮೯೭ರಲ್ಲಿ ಲಂಡನ್ನಿನ ಬೀದಿಗೆ ಬಂದುವು. ಎರಡೇ ವರ್ಷಗಳಲ್ಲಿ, ಎಂದರೆ ೧೮೯೯ರಲ್ಲಿ, ಅವನ್ನು ಹಿಂತೆಗೆದುಕೊಳ್ಳಬೇಕಾಯಿತು. ಅವಕ್ಕೆ ತುಂಬುತ್ತಿದ್ದ ವಿದ್ಯುತ್ತಿನ ಬೆಲೆಯು ಕಂಪೆನಿಯನ್ನು ಮುಳುಗಿಸಲಿಲ್ಲ. ಬೀದಿಯ ಕುಲುಕಾಟದಿಂದ ಬ್ಯಾಟರಿಗಳೂ, ಬ್ಯಾಟರಿಯ ಭಾರದಿಂದ ಟೈರುಗಳೂ ಬೇಗ ಹಾಳಾಗಿ, ಅವನ್ನು ಬದಲಾಯಿಸುವ ಖರ್ಚೇ ಆದಾಯವನ್ನು ನುಂಗಿಬಿಟ್ಟಿತು. ನ್ಯೂಯಾರ್ಕಿನಲ್ಲಿಯೂ ೧೮೯೭ರಲ್ಲಿಯೇ ಇಂತಹ ಬಂಡಿಗಳು ಬಾಡಿಗೆಗೆ ನಿಂತುವು. ಅಲ್ಲಿ ಬರಿದಾದ ಬ್ಯಾಟರಿಯನ್ನು ಯಂತ್ರದ ಸಹಾಯದಿಂದ ಹೊರಕ್ಕೆಳೆದು ತುಂಬಿದ ಬ್ಯಾಟರಿಯನ್ನು ಕೆಲವೇ ನಿಮಿಷಗಳಲ್ಲಿ ಕೂರಿಸುವ ಕೇಂದ್ರವನ್ನು ಕಟ್ಟಿದ್ದರು. ಇಷ್ಟು ಜಾಣತನದ ಏರ್ಪಾಡಿದ್ದರೂ, ದೊಡ್ಡ ಬಂಡವಾಳದಿಂದ ಬೆಳೆದ ಆ ಕಂಪೆನಿಯು ೧೯೦೭ರಲ್ಲಿ ದಿವಾಳಿಯಾಯಿತು.

ಈ ಎರಡು ಪ್ರಸಂಗಗಳಿಂದ ತಿಳಿಯತಕ್ಕ ವಿಷಯವೊಂದುಂಟು. ಪೆಟ್ರೋಲ್ ಬಂಡಿಯ ಯಜಮಾನನು ತನ್ನ ಇಂಧನವನ್ನು ದಿನದಿನವೂ ಕೊಳ್ಳುತ್ತಾನೆ. ವಿದ್ಯುತ್ ಬಂಡಿಯ ಯಜಮಾನನಾದರೋ ಇಂಧನದ ದೊಡ್ಡ ಭಾಗವನ್ನು ಬ್ಯಾಟರಿಯ ರೂಪದಲ್ಲಿ ಮೊದಲ ದಿನವೇ ಕೊಂಡಿರುತ್ತಾನೆ. ಬ್ಯಾಟರಿಯ ಸವಕಳಿಯನ್ನು ಬಿಟ್ಟು ದಿನದ ವಿದ್ಯುತ್ತಿನ ಖರ್ಚನ್ನು ಮಾತ್ರ ಎಣಿಸುವುದೆಂದರೆ, ಎತ್ತಿನ ಬೆಲೆಯನ್ನು ಮರೆತು ಹುಲ್ಲಿನ ಬೆಲೆಯಿಂದಲೇ ಬೇಸಾಯದ ಲೆಕ್ಕ ಹಾಕಿದಂತೆ.

೩. ಕ್ರಿ. ಶ. ೧೯೧೨ರ ಲೆಕ್ಕ

ಸೀಸದ ಬ್ಯಾಟರಿಯ ಈ ದೋಷವನ್ನು ನೀಗಲು ಥಾಮಸ್ ಎಡಿಸನ್ ಬಹುಕಾಲ ಶ್ರಮಪಟ್ಟನು. ಅವನ ನಿಕಲ್ ಮತ್ತು ಕಬ್ಬಿಣದ ಬ್ಯಾಟರಿಯು ಮೊದಲು ಮಾರುಕಟ್ಟೆಗೆ ಬಂದು, ದೋಷಗಳು ಕಂಡುದರಿಂದ ೧೯೦೪ರಲ್ಲಿ ನಿಂತು, ೧೯೦೯ರ ಹೊತ್ತಿಗೆ ಸುಧಾರಿಸಿದ ರೂಪದಲ್ಲಿ ಮತ್ತೆ ಬಂದಿತು. ಅದು ಬಹುಕಾಲ ಬಾಳುತ್ತಿತ್ತು. ಆದರೆ ಬೆಲೆ ವಿಶೇಷ. ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಕಾರಿನಲ್ಲಿ ಸೀಸದ ಬದಲು ಎಡಿಸನ್ನನ ಬ್ಯಾಟರಿ ಬೇಕೆಂದವರು ೧೯೧೧ರಿಂದ ಮುಂದೆ ೬೦೦ ಡಾಲರು ಹೆಚ್ಚಾಗಿ ತೆರಬೇಕಾಗಿತ್ತು. ೧೯೧೨ರಲ್ಲಿ ಪೆಟ್ರೋಲಿನ ಕಾರು ೬೫೦ ಡಾಲರಿಗೆ ಸಿಕ್ಕುತ್ತಿತ್ತೆಂಬುದನ್ನು ನೆನೆದರೆ ಈ ಮೊತ್ತದ ಅರ್ಥವು ಮನಸ್ಸಿಗೆ ಬರುತ್ತದೆ. ಒಬ್ಬನು ಬ್ಯಾಟರಿಯ ಉತ್ತಮಿಕೆಗಾಗಿ ಕೊಡುತ್ತಿದ್ದ ಹಣದಲ್ಲಿ ಮತ್ತೊಬ್ಬನು ಹೆಚ್ಚುಕಡಮೆ ಇಡೀ ಕಾರನ್ನೇ ಮನೆಗೆ ತರುತ್ತಿದ್ದನು.

ಅದೇ ವರ್ಷ ಎರಡು ಜನ ಕೂರುವ ವಿದ್ಯುತ್ ಕಾರಿನ ಬೆಲೆ ೧,೭೫೦ ಡಾಲರು. ಪೆಟ್ರೋಲಿನ ಕಾರಿಗೂ ಇದಕ್ಕೂ ಅಂತರ ೧,೧೦೦ ಡಾಲರು. ವಿದ್ಯುತ್ ಬಂಡಿಯಿಂದ ಮೈಲಿಗೆ ಎರಡು ಸೆಂಟು ಉಳಿಯುತ್ತಿತ್ತೆಂದು ವಾದಕ್ಕಾಗಿ ಒಪ್ಪಿಕೊಂಡರೂ, ತ್ರೈರಾಶಿಕದಂತೆ ಆ ಅಂತರವು ತುಂಬಲು ೫೫,೦೦೦ ಮೈಲಿ ಓಡಬೇಕು. ಒಂದು ಸಲ ತುಂಬಿದರೆ ಊರಿನ ಸುತ್ತಮುತ್ತ ಮಾತ್ರ ಹೋಗಬಲ್ಲ ಬಂಡಿಗೆ ಅಷ್ಟು ದೂರ ಓಡುವ ಅವಕಾಶವೇ ದುರ್ಲಭ. ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಚಾಲಕವು ೧೯೧೨ರಲ್ಲಿ ಕ್ಯಾಡಿಲ್ಯಾಕ್ ಕಾರಿಗೆ ಬಂದು, ಕೈಯಿಂದ ತಿರುವಿ ಎಂಜಿನನ್ನು ಹೊರಡಿಸುವ ಕಷ್ಟವು ತಪ್ಪಿದುದೇ ವಿದ್ಯುತ್ ಕಾರಿನ ಪತನಕ್ಕೆ ಕಾರಣವೆಂದು ಹಲವರು ಬರೆದಿದ್ದಾರೆ. ಅದೂ ಒಂದು ಕಾರಣವೆಂಬುದು ನಿಜ. ಆದರೆ ೧೯೦೮ರಲ್ಲಿ ೮೫೦ ಡಾಲರಿದ್ದ ಫೋರ್ಡನ ಕಾರು ೧೯೨೫ರಲ್ಲಿ ೨೬೦ ಡಾಲರಿಗೆ ಇಳಿದ ಮೇಲೆ, ಚಾಲಕವಿದ್ದರೂ ಇಲ್ಲದಿದ್ದರೂ, ಸಾಮಾನ್ಯ ಸಂಸಾರಸ್ಥನ ಲೆಕ್ಕದಲ್ಲಿ ವಿದ್ಯುತ್ ಕಾರಿಗೆ ಎಡೆಯಿರಲಿಲ್ಲ.

೪. ಹಾರ್ಟ್‌ಫರ್ಡ್ ನಗರದ ಏರ್ಪಾಡು

ಹೀಗೆ ಸಂಸಾರಸ್ಥರ ಮನೆಯಲ್ಲಿ ಸೋತ ಬಂಡಿಯೇ ವರ್ತಕರ ಮಳಿಗೆಯಲ್ಲಿ ಗೆದ್ದಿತೆಂಬುದು ನಮ್ಮ ವಾದಕ್ಕೆ ಮುಖ್ಯವಾದ ಸಂಗತಿ. ಅಮೆರಿಕದ ಹಾರ್ಟ್‌ಫರ್ಡ್ ನಗರದ ವಿದ್ಯುತ್ ಕಂಪೆನಿಯು ೧೯೧೦ರಿಂದ ೧೯೨೪ರವರೆಗೆ ಒಂದು ವಿಶೇಷ ಏರ್ಪಾಡನ್ನು ನಡೆಸಿತು. ವರ್ತಕನು ಸಾಮಾನು ಸಾಗಿಸುವ ವಿದ್ಯುತ್ ಲಾರಿಯನ್ನು ಬ್ಯಾಟರಿಯಿಲ್ಲದೆ ಕೊಳ್ಳುವನು. ಬ್ಯಾಟರಿಯು ವಿದ್ಯುತ್ ಕಂಪೆನಿಯದು. ಬರಿದಾದಾಗ ತುಂಬಿದುದನ್ನು ಅವರೇ ಕೊಡುವರು. ವರ್ತಕನು ಓಡಿದ ಮೈಲಿಗೆ ಇಷ್ಟೆಂದೂ, ಲಾರಿಯ ಪೋಷಣೆಗಾಗಿ ತಿಂಗಳಿಗೆ ಇಷ್ಟೆಂದೂ ತೆರುವನು. ಈ ಹದಿನಾಲ್ಕು ವರ್ಷಗಳಲ್ಲಿ ಆ ಲಾರಿಗಳು ಒಟ್ಟು ಅರವತ್ತು ಲಕ್ಷ ಮೈಲಿಗಳಿಗೂ ಹೆಚ್ಚು ದೂರ ಓಡಿದುವು.

ಲಂಡನ್ನಿನ ಬಾಡಿಗೆ ಬಂಡಿಗಳನ್ನು ಕೆಡಿಸಿದುದು ಬ್ಯಾಟರಿಯ ಅನಿಶ್ಚಿತವಾದ ಆಯುಸ್ಸು. ಹಾರ್ಟ್‌ಫರ್ಡಿನಲ್ಲಿ ಆ ಅನಿಶ್ಚಯವು, ಅದನ್ನು ತಾಳಬಲ್ಲ ತಿಳಿವಳಿಕೆಯೂ ಬಂಡವಾಳವೂ ಇದ್ದ ಸಂಸ್ಥೆಯ ಹೆಗಲಿಗೆ ಹೋಯಿತು. ವರ್ತಕನಿಗೆ ಉಳಿದುದು ಮೈಲಿಯ ಲೆಕ್ಕ ಮಾತ್ರ. ಯಂತ್ರವು ಬದಲಾಗಲಿಲ್ಲ, ಹೊಣೆಯ ಹಂಚಿಕೆ ಬದಲಾಯಿತು.

ಇಂಗ್ಲೆಂಡಿನ ಹಾಲಿನ ಬಂಡಿಗಳು ಇನ್ನೊಂದು ನಿದರ್ಶನ. ಪ್ರತಿದಿನವೂ ಒಂದೇ ದಾರಿ, ಮನೆಮನೆಗೂ ನಿಲುಗಡೆ, ಮಧ್ಯಾಹ್ನಕ್ಕೆ ಮೊದಲೇ ಕೊಟ್ಟಿಗೆಗೆ ಹಿಂದಿರುಗುವುದು, ರಾತ್ರಿ ವಿದ್ಯುತ್ತನ್ನು ತುಂಬಿಕೊಳ್ಳುವುದು: ಇಂತಹ ಕೆಲಸಕ್ಕೆ ಪೆಟ್ರೋಲ್ ಎಂಜಿನ್ನಿಗಿಂತ ವಿದ್ಯುತ್ತೇ ಮೇಲಾಯಿತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ, ವಿದ್ಯುತ್ ಕಾರು ಬೇರೆಡೆ ಮರೆತೇಹೋಗಿದ್ದಾಗ, ಅಲ್ಲಿಯ ಬೀದಿಗಳಲ್ಲಿ ಇಂತಹ ಬಂಡಿಗಳು ಸಾವಿರಗಟ್ಟಲೆ ಓಡುತ್ತಿದ್ದುವು.

ಇದಕ್ಕೆ ವ್ಯತಿರೇಕವಾದ ದೃಷ್ಟಾಂತವು ಜಪಾನಿನದು. ಎರಡನೆಯ ಮಹಾಯುದ್ಧದ ತರುವಾಯ ಪೆಟ್ರೋಲು ದೊರೆಯದಿದ್ದ ಆ ದೇಶದಲ್ಲಿ ೧೯೪೭ರಲ್ಲಿ ಟಾಮಾ ಎಂಬ ವಿದ್ಯುತ್ ಕಾರು ಹೊರಬಂದಿತು. ಕೊರಿಯದ ಯುದ್ಧವು ೧೯೫೦ರಲ್ಲಿ ಮೊದಲಾಗಿ ಸೀಸದ ಬೆಲೆಯು ಏರಿದಾಗ ಅದರ ಲೆಕ್ಕವೂ ತಲೆಕೆಳಗಾಯಿತು. ಪೆಟ್ರೋಲಿನ ಅಭಾವವು ಎತ್ತಿದ ಬಂಡಿಯನ್ನು ಬ್ಯಾಟರಿಯ ಬೆಲೆಯು ಇಳಿಸಿತು.

೫. ಬೆಂಗಳೂರಿನ ಕಾರು, ಲಂಡನ್ನಿನ ಲಾಭ

ಈ ಚರಿತ್ರೆಯಲ್ಲಿ ನಮ್ಮ ನಾಡಿಗೂ ಒಂದು ಸ್ಥಾನವುಂಟು. ೧೯೯೪ರಲ್ಲಿ ಸ್ಥಾಪಿತವಾದ ಬೆಂಗಳೂರಿನ ರೇವಾ ಸಂಸ್ಥೆಯು, ಚೇತನ್ ಮೈನಿಯವರ ನಾಯಕತ್ವದಲ್ಲಿ, ೨೦೦೧ರಲ್ಲಿ ಚಿಕ್ಕದೊಂದು ವಿದ್ಯುತ್ ಕಾರನ್ನು ಮಾರಾಟಕ್ಕೆ ತಂದಿತು. ಎರಡು ಬಾಗಿಲು, ಸೀಸದ ಬ್ಯಾಟರಿ, ಒಂದು ಸಲ ತುಂಬಿದರೆ ಸುಮಾರು ೮೦ ಕಿಲೋಮೀಟರು. ಅದೇ ಕಾರು ೨೦೦೪ರಿಂದ ಇಂಗ್ಲೆಂಡಿನಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಮಾರಾಟವಾಯಿತು. ೨೦೧೧ರ ಮಾರ್ಚಿಯವರೆಗೆ ಪ್ರಪಂಚದಲ್ಲೆಲ್ಲ ಮಾರಿದುದು ಸುಮಾರು ೪,೬೦೦ ಕಾರುಗಳು. ೨೦೧೦ರಲ್ಲಿ ಸಂಸ್ಥೆಯು ಮಹೀಂದ್ರರ ವಶವಾಯಿತು.

ಬೆಂಗಳೂರಿನಲ್ಲಿ ಕಷ್ಟದಿಂದ ಮಾರುತ್ತಿದ್ದ ಈ ಕಾರು ಲಂಡನ್ನಿನಲ್ಲಿ ಏಕೆ ಮನ್ನಣೆ ಪಡೆಯಿತು? ನಮ್ಮಲ್ಲಿ ಇದರ ಎದುರಿಗೆ ಮಾರುತಿ ೮೦೦ ನಿಂತಿತ್ತು. ಅದು ನಾಲ್ವರನ್ನು ಕೂರಿಸಿಕೊಂಡು ಬೆಂಗಳೂರಿನಿಂದ ಮೈಸೂರಿಗೂ ಶಿವಮೊಗ್ಗೆಗೂ ಹೋಗಿಬರುತ್ತಿತ್ತು. ರೇವಾ ಕೊಂಡವನಿಗೆ ದೂರದ ಪ್ರಯಾಣಕ್ಕೆ ಬೇರೆ ವಾಹನ ಬೇಕು. ಕೆಲವು ವರ್ಷಗಳಿಗೊಮ್ಮೆ ಬ್ಯಾಟರಿಯನ್ನೂ ಬದಲಾಯಿಸಬೇಕು. ಲಂಡನ್ನಿನ ಲೆಕ್ಕದಲ್ಲಾದರೋ ಬೇರೊಂದು ಬಾಬು ಸೇರಿತ್ತು. ೨೦೦೩ರ ಫೆಬ್ರವರಿ ೧೭ರಿಂದ ಆ ನಗರದ ಮಧ್ಯಭಾಗವನ್ನು ಹೊಗುವ ಕಾರುಗಳ ಮೇಲೆ ದಿನಕ್ಕೆ ೫ ಪೌಂಡಿನ ಸುಂಕವನ್ನು ವಿಧಿಸಿದರು. ೨೦೦೫ರ ಜುಲೈಯಲ್ಲಿ ಅದು ೮ ಪೌಂಡಾಯಿತು. ವಿದ್ಯುತ್ ಕಾರುಗಳಿಗೆ ಆ ಸುಂಕವಿರಲಿಲ್ಲ. ವರ್ಷಕ್ಕೆ ೨೫೦ ದಿನ ಕಚೇರಿಗೆ ಹೋಗುವವನಿಗೆ ಇದರಿಂದ ಮೊದಲು ೧,೨೫೦, ಆಮೇಲೆ ೨,೦೦೦ ಪೌಂಡುಗಳ ಉಳಿತಾಯ. ಪೆಟ್ರೋಲಿನ ಉಳಿತಾಯವು ಇದರ ಮುಂದೆ ಗಣನೆಗೆ ಬಾರದು. ಒಂದೇ ಕಾರ್ಖಾನೆಯ ಒಂದೇ ಕಾರು ಒಂದು ಊರಿನಲ್ಲಿ ನಷ್ಟ, ಮತ್ತೊಂದು ಊರಿನಲ್ಲಿ ಲಾಭ! ಲಾಭವು ಕಾರಿನ ಒಳಗೆ ಇರುವ ಗುಣವಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಿಲ್ಲ.

ಆದರೆ ಸರ್ಕಾರದಿಂದ ಬಂದ ಲಾಭವು ಸರ್ಕಾರದ ಇಚ್ಛೆ ಇರುವವರೆಗೆ ಮಾತ್ರ. ಲಂಡನ್ನಿನ ಆ ಪೂರ್ಣ ವಿನಾಯಿತಿಯು ೨೦೨೫ರ ಡಿಸೆಂಬರಿನಲ್ಲಿ ಕೊನೆಗೊಂಡಿತು. ನಮ್ಮ ದೇಶದಲ್ಲಿಯೂ ೨೦೧೯ರ ಆಗಸ್ಟ್ ೧ರಂದು ವಿದ್ಯುತ್ ವಾಹನಗಳ ಸರಕು ಮತ್ತು ಸೇವಾ ತೆರಿಗೆಯು ಶೇಕಡ ೧೨ರಿಂದ ೫ಕ್ಕೆ ಇಳಿಯಿತು. ಪೆಟ್ರೋಲ್ ಕಾರುಗಳ ಮೇಲೆ ಆಗ ಶೇಕಡ ೨೮ ಮತ್ತು ಅದರ ಮೇಲೆ ಹೆಚ್ಚುವರಿ ಕರವಿತ್ತು. ೨೦೨೫ರ ಸೆಪ್ಟೆಂಬರ್ ೨೨ರಿಂದ ಚಿಕ್ಕ ಪೆಟ್ರೋಲ್ ಕಾರುಗಳ ತೆರಿಗೆಯನ್ನು ಶೇಕಡ ೧೮ಕ್ಕೆ ಇಳಿಸಿದುದರಿಂದ ವಿದ್ಯುತ್ ಕಾರಿಗಿದ್ದ ಅನುಕೂಲದ ಒಂದು ಭಾಗವು ಕರಗಿತು. ಕರ್ನಾಟಕ ಸರ್ಕಾರವು ೨೦೧೭ರಲ್ಲಿ ವಿದ್ಯುತ್ ವಾಹನಗಳಿಗೆ ಪ್ರೋತ್ಸಾಹ ಕೊಡುವ ನೀತಿಯನ್ನು ಪ್ರಕಟಿಸಿತು. ೨೦೨೪ರಲ್ಲಿ ೨೫ ಲಕ್ಷ ರೂಪಾಯಿಗಳಿಗೆ ಮೀರಿದ ವಿದ್ಯುತ್ ಕಾರುಗಳ ಮೇಲೆ ಶೇಕಡ ೧೦ರ ಜೀವಾವಧಿ ತೆರಿಗೆಯನ್ನು ವಿಧಿಸಿತು. ಆದಕಾರಣ ಹಿಂದಿನ ವರ್ಷ ನೆರೆಯವನು ಮಾಡಿದ ಲೆಕ್ಕವು ಈ ವರ್ಷ ನಮಗೆ ಸಲ್ಲುವುದೆಂದು ನಂಬಲಾಗದು.

೬. ಬಡ್ಡಿಯನ್ನು ಸೇರಿಸಿದ ಲೆಕ್ಕ

ಈಗ ಇದೇ ವಿಚಾರವನ್ನು ನಮ್ಮ ಸಂಸಾರಗಳಿಗೆ ಅನ್ವಯಿಸಿ ನೋಡೋಣ. ಮುಂದಿನ ಅಂಕಿಗಳು ದೃಷ್ಟಾಂತಕ್ಕಾಗಿ ಇಟ್ಟುಕೊಂಡವು. ವಾಚಕರು ತಮ್ಮ ಊರಿನ ದರಗಳನ್ನು ಅವುಗಳ ಸ್ಥಾನದಲ್ಲಿ ಇಟ್ಟುಕೊಳ್ಳಬಹುದು.

ಪೆಟ್ರೋಲು ಲೀಟರಿಗೆ ೧೦೨ ರೂಪಾಯಿ, ಲೀಟರಿಗೆ ೧೫ ಕಿಲೋಮೀಟರು ಎಂದರೆ ಕಿಲೋಮೀಟರಿಗೆ ೬ ರೂಪಾಯಿ ೮೦ ಪೈಸೆ. ಮನೆಯ ವಿದ್ಯುತ್ತು ಯೂನಿಟ್ಟಿಗೆ ೭ ರೂಪಾಯಿ, ತುಂಬುವಾಗ ಆಗುವ ನಷ್ಟವನ್ನೂ ಕಳೆದು ಯೂನಿಟ್ಟಿಗೆ ೫ ಕಿಲೋಮೀಟರು ಎಂದರೆ ಕಿಲೋಮೀಟರಿಗೆ ೧ ರೂಪಾಯಿ ೪೦ ಪೈಸೆ. ಉಳಿತಾಯವು ೫ ರೂಪಾಯಿ ೪೦ ಪೈಸೆ. ವಿದ್ಯುತ್ ಕಾರಿಗೆ ೩ ಲಕ್ಷ ರೂಪಾಯಿ ಹೆಚ್ಚಿಗೆ ಕೊಡಬೇಕಾಯಿತೆಂದೂ, ಆ ಹಣಕ್ಕೆ ವರ್ಷಕ್ಕೆ ಶೇಕಡ ೯ರ ಬಡ್ಡಿಯೆಂದೂ ಇಟ್ಟುಕೊಳ್ಳೋಣ. ಮೊದಲ ವರ್ಷದ ಬಡ್ಡಿಯೇ ೨೭,೦೦೦ ರೂಪಾಯಿ.

ತಿಂಗಳಿಗೆ ೨,೫೦೦ ಕಿಲೋಮೀಟರು ಓಡುವ ಬಾಡಿಗೆ ಕಾರಿನವನಿಗೆ ವರ್ಷಕ್ಕೆ ಉಳಿಯುವುದು ೧,೬೨,೦೦೦. ಬಡ್ಡಿಯೂ ಅಸಲೂ ಎರಡು ವರ್ಷ ದಾಟಿದ ಕೆಲವು ವಾರಗಳಲ್ಲಿಯೇ ತೀರುತ್ತವೆ. ತಿಂಗಳಿಗೆ ೧,೦೦೦ ಕಿಲೋಮೀಟರು ಓಡಿಸುವ ನೌಕರನಿಗೆ ಉಳಿಯುವುದು ೬೪,೮೦೦. ಅವನ ಸಾಲವು ತೀರುವುದು ಏಳನೆಯ ವರ್ಷದ ಮೊದಲಲ್ಲಿ. ಇನ್ನು ವಾರಕ್ಕೊಮ್ಮೆ ಪೇಟೆಗೆ, ತಿಂಗಳಿಗೊಮ್ಮೆ ನೆಂಟರ ಮನೆಗೆ ಹೋಗಿ ಒಟ್ಟು ೪೦೦ ಕಿಲೋಮೀಟರು ಓಡಿಸುವ ಸಂಸಾರಕ್ಕೆ ವರ್ಷದಲ್ಲಿ ಉಳಿಯುವುದು ೨೫,೯೨೦ ಮಾತ್ರ. ಇದು ಬಡ್ಡಿಗೇ ಸಾಲದು! ಹತ್ತು ವರ್ಷವಾದರೂ ಅಸಲು ಕರಗದೆ ಬೆಳೆಯುತ್ತದೆ. ಬಡ್ಡಿಯನ್ನು ಬಿಟ್ಟು ಎಣಿಸಿದರೆ ಇದೇ ಸಂಸಾರಕ್ಕೆ ಹನ್ನೆರಡು ವರ್ಷದೊಳಗೆ ಹಣ ಹಿಂದಿರುಗುವಂತೆ ತೋರುತ್ತದೆ. ಮಾರುವವರ ಲೆಕ್ಕಕ್ಕೂ ಕೊಳ್ಳುವವರ ಲೆಕ್ಕಕ್ಕೂ ಇರುವ ಭೇದವು ಇಲ್ಲಿಯೇ.

ಮನೆಯಲ್ಲಿ ತುಂಬಿಕೊಳ್ಳಲು ಸ್ಥಳವಿಲ್ಲದೆ ಹೊರಗಿನ ಕೇಂದ್ರಗಳಲ್ಲಿ ಯೂನಿಟ್ಟಿಗೆ ೨೦ ರೂಪಾಯಿ ಕೊಡುವವನ ಸ್ಥಿತಿ ಇನ್ನೂ ಬೇರೆ. ಅವನ ಉಳಿತಾಯವು ಕಿಲೋಮೀಟರಿಗೆ ೨ ರೂಪಾಯಿ ೮೦ ಪೈಸೆಗೆ ಇಳಿಯುತ್ತದೆ. ತಿಂಗಳಿಗೆ ೧,೦೦೦ ಕಿಲೋಮೀಟರು ಓಡಿಸಿದರೂ ಹದಿನೆಂಟು ವರ್ಷಕ್ಕೆ ಮೇಲೆ ಬೇಕು. ಸ್ವಂತ ಮನೆಯ ಅಂಗಳದಲ್ಲಿ ನಿಲ್ಲುವ ಕಾರಿಗೂ ಬಾಡಿಗೆ ಮನೆಯ ಮುಂದೆ ಬೀದಿಯಲ್ಲಿ ನಿಲ್ಲುವ ಕಾರಿಗೂ ಒಂದೇ ಲೆಕ್ಕ ಹೊಂದದು. ಎಂಜಿನ್ನಿನ ಎಣ್ಣೆ, ಕ್ಲಚ್ಚು ಮೊದಲಾದ ಬಾಬುಗಳು ವಿದ್ಯುತ್ ಕಾರಿನಲ್ಲಿಲ್ಲದಿರುವುದನ್ನು ಜಮೆಯ ಕಡೆಯಲ್ಲಿಯೂ, ಮರುಮಾರಾಟದಲ್ಲಿ ಬ್ಯಾಟರಿಯ ವಯಸ್ಸಿನಿಂದ ಬೆಲೆ ತಗ್ಗುವುದನ್ನು ಖರ್ಚಿನ ಕಡೆಯಲ್ಲಿಯೂ ಬರೆದುಕೊಳ್ಳತಕ್ಕದ್ದು.

ಬ್ಯಾಟರಿಯ ವಿಷಯದಲ್ಲಿ ನಮ್ಮ ಕಾಲವು ಹಿಂದಿನವರಿಗಿಂತ ಭಾಗ್ಯಶಾಲಿಯೆಂಬುದನ್ನು ಒಪ್ಪಬೇಕು. ಲಿಥಿಯಂ ಬ್ಯಾಟರಿಯು ೧೯೯೧ರಲ್ಲಿ ಮಾರುಕಟ್ಟೆಗೆ ಬಂದಿತು. ಒಂದು ಯೂನಿಟ್ಟು ವಿದ್ಯುತ್ತನ್ನು ಹಿಡಿಯುವಷ್ಟು ಬ್ಯಾಟರಿಯ ಬೆಲೆಯು ೨೦೧೦ರ ಸುಮಾರಿಗೆ ಸಾವಿರ ಡಾಲರನ್ನು ಮೀರಿದ್ದು, ೨೦೨೪ರಲ್ಲಿ ಪ್ರಪಂಚದ ಸರಾಸರಿಯಂತೆ ಸುಮಾರು ೧೧೫ ಡಾಲರಿಗೆ ಇಳಿಯಿತು. ಎಂಟು ವರ್ಷಗಳ ಖಾತರಿಯೂ ಈಗ ರೂಢಿಗೆ ಬಂದಿದೆ. ೧೯೧೨ರಲ್ಲಿ ತುಂಬಲಾರದಿದ್ದ ಅಂತರವನ್ನು ಇಂದು ಕೆಲವರಾದರೂ ತುಂಬಬಲ್ಲರೆಂಬುದು ಇದರ ಫಲ.

ಹಾರ್ಟ್‌ಫರ್ಡಿನ ಏರ್ಪಾಡೂ ಮತ್ತೆ ಹುಟ್ಟಿಬಂದಿದೆ. ೨೦೨೪ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಹೊರಬಂದ ಎಂ. ಜಿ. ವಿಂಡ್ಸರ್ ಎಂಬ ಕಾರಿನ ಆರಂಭದ ಬೆಲೆಯು ಬ್ಯಾಟರಿ ಸಹಿತ ೧೩.೫೦ ಲಕ್ಷ, ಬ್ಯಾಟರಿ ರಹಿತ ೯.೯೯ ಲಕ್ಷ ರೂಪಾಯಿ. ಎರಡನೆಯ ಕ್ರಮದಲ್ಲಿ ಬ್ಯಾಟರಿಗೆ ಕಿಲೋಮೀಟರಿಗೆ ೩ ರೂಪಾಯಿ ೫೦ ಪೈಸೆಯ ಬಾಡಿಗೆ. ಎರಡಕ್ಕೂ ಅಂತರವಾದ ೩.೫೧ ಲಕ್ಷವನ್ನು ಬಾಡಿಗೆಯ ದರದಿಂದ ಭಾಗಿಸಿದರೆ ಸುಮಾರು ಒಂದು ಲಕ್ಷ ಕಿಲೋಮೀಟರು ಬರುತ್ತದೆ. ಅಷ್ಟು ದೂರವನ್ನು ಬೇಗನೆ ಕ್ರಮಿಸುವವನಿಗೆ ಕೊಳ್ಳುವುದು ಮೇಲು. ಕಡಮೆ ಓಡಿಸುವವನಿಗೆ ಬಾಡಿಗೆಯು ಮೇಲು. ಆದರೆ ಬಾಡಿಗೆಯನ್ನು ತೆರುವವನ ಉಳಿತಾಯವು, ಮೇಲಿನ ದೃಷ್ಟಾಂತದಂತೆ, ಕಿಲೋಮೀಟರಿಗೆ ೫ ರೂಪಾಯಿ ೪೦ ಪೈಸೆಯಿಂದ ೧ ರೂಪಾಯಿ ೯೦ ಪೈಸೆಗೆ ಇಳಿಯುವುದನ್ನು ಮರೆಯಲಾಗದು. ಬ್ಯಾಟರಿಯ ಭಾರವು ಮಾಯವಾಗುವುದಿಲ್ಲ; ಒಂದು ಅಂಕಣದಿಂದ ಮತ್ತೊಂದು ಅಂಕಣಕ್ಕೆ ಹೋಗುತ್ತದೆ.

೭. ಉಪಸಂಹಾರ

ಮೇಲ್ಕಂಡ ಸಂಗತಿಗಳಿಂದ ಸಿದ್ಧಿಸುವುದೇನೆಂದರೆ, ವಿದ್ಯುತ್ ಕಾರು ಹಿಂದೆ ಸೋತುದು ಎಲ್ಲರಲ್ಲಿಯೂ ಅಲ್ಲ, ಈಗ ಗೆಲ್ಲುವುದೂ ಎಲ್ಲರಲ್ಲಿಯೂ ಅಲ್ಲ. ನಿಯತವಾದ ದಾರಿಯಲ್ಲಿ ಪ್ರತಿದಿನವೂ ಓಡಿ, ರಾತ್ರಿ ತನ್ನ ಮನೆಯಲ್ಲಿಯೇ ತುಂಬಿಕೊಂಡವನಿಗೆ ಅದು ಎಂದೂ ಒಲಿದಿತ್ತು. ಓಡಿಸದೆ ನಿಲ್ಲಿಸಿಕೊಂಡವನಿಗೆ ಎಂದೂ ಒಲಿಯಲಿಲ್ಲ. ಮೊದಲೇ ಹೆಚ್ಚು ಬೆಲೆ ತೆತ್ತು ದಿನದಿನವೂ ಸ್ವಲ್ಪಸ್ವಲ್ಪವಾಗಿ ಹಿಂದೆ ಪಡೆಯತಕ್ಕ ವಸ್ತುವು ದುಡಿಮೆಯನ್ನು ಬೇಡುತ್ತದೆ.

ಹೊಗೆಯಿಲ್ಲದ ಗಾಳಿ, ಸದ್ದಿಲ್ಲದ ಬೀದಿ, ಹೊರದೇಶದ ಎಣ್ಣೆಯ ಹಂಗು ತಪ್ಪುವುದು ಇವೇ ಮೊದಲಾದ ಲಾಭಗಳೂ ಉಂಟು. ಅವು ಸಣ್ಣವಲ್ಲ. ಆದರೆ ಅವು ಸಮಾಜಕ್ಕೆ ಸೇರುವ ಲಾಭಗಳು. ಸಾಲದ ಕಂತನ್ನು ತೆರತಕ್ಕವನು ಒಬ್ಬ ಗೃಹಸ್ಥ. ಆ ಲಾಭಗಳಿಗಾಗಿ ತನ್ನ ಕೈಯಿಂದ ಸ್ವಲ್ಪ ಕೊಡಲು ಒಪ್ಪಿದವನನ್ನು ಯಾರೂ ಆಕ್ಷೇಪಿಸಲಾರರು. ಕೊಡುತ್ತಿರುವೆನೆಂಬುದು ಅವನಿಗೆ ತಿಳಿದಿರಬೇಕು, ಅಷ್ಟೆ. ಹಣದ ಲಾಭವನ್ನೇ ಅಪೇಕ್ಷಿಸುವವನು ಕಾರಿನ ಅಂಗಡಿಗೆ ಹೋಗುವುದಕ್ಕೆ ಮುಂಚೆ ತನ್ನ ಹಳೆಯ ಕಾರಿನ ಮೈಲಿಯ ಮಾಪಕವನ್ನು ನೋಡಿ, ಕಳೆದ ವರ್ಷ ತಾನು ಎಷ್ಟು ದೂರ ಓಡಿಸಿದೆನೆಂದು ಬರೆದುಕೊಳ್ಳುವುದು ಒಳ್ಳೆಯದು. ಆ ಒಂದು ಅಂಕಿಯು ಗೊತ್ತಾದರೆ ಉಳಿದ ಲೆಕ್ಕವು ತ್ರೈರಾಶಿಕಕ್ಕಿಂತ ಹೆಚ್ಚಿನದಲ್ಲ.